ಬೇಗ ಉಳಿಸುವ ಪೆಟ್ಟಿಗೆ

ಗಂಡ ಹೆಂಡತಿ ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಪೆಟ್ಟಿಗೆ. ಯಾವ ಪೆಟ್ಟಿಗೆ ಎನ್ನುವಲ್ಲಿ ಮಾತ್ರ ಒಮ್ಮತವಿರಲಿಲ್ಲ.

ಹಂಪನಕಟ್ಟೆಯ ಕಿಣಿಯವರ ಕಂಪ್ಯೂಟರ್ ಅಂಗಡಿಯಲ್ಲಿ ಜಯಕರ ಮತ್ತು ಸುಗಂಧಿ ಮುಕ್ಕಾಲು ಗಂಟೆಯಿಂದ ನಿಂತಿದ್ದರು. ಮೇಜಿನ ಮೇಲೆ ಎರಡು ಸ್ಟೋರೇಜ್ ಪೆಟ್ಟಿಗೆಗಳು. ಒಂದು ಕಪ್ಪು, ದಪ್ಪ, ಒಳಗೆ ನಾಲ್ಕು ಡಿಸ್ಕುಗಳು ತಿರುಗುವಾಗ ಗುಂಯ್ ಎನ್ನುವ ಹಳೇ ತರದ್ದು. ಇನ್ನೊಂದು ಬಿಳಿ, ಟಿಫಿನ್ ಡಬ್ಬಿಯಷ್ಟೇ ದೊಡ್ಡದು, ಸದ್ದೆಂಬುದೇ ಇಲ್ಲ. ಮನೆಯ ಕಂಪ್ಯೂಟರುಗಳಲ್ಲಿ ಇರುವುದೆಲ್ಲದರ ಇನ್ನೊಂದು ಪ್ರತಿಯನ್ನು ಮನೆಯ ನೆಟ್‌ವರ್ಕಿನ ಮೂಲಕ ಎಳೆದುಕೊಂಡು ಜೋಪಾನ ಮಾಡುವುದು ಎರಡರದ್ದೂ ಕೆಲಸ. ಇದು ನಡೆದದ್ದು ಇನ್ನೂ ಬಾರದ ಒಂದು ವರ್ಷದಲ್ಲಿ. ಆದರೆ ಅಂಗಡಿಯಲ್ಲಿ ಗಂಡ ಹೆಂಡತಿ ಜಗಳಾಡುವ ರೀತಿ ಆಗಲೂ ಈಗಿನದ್ದೇ ಆಗಿತ್ತು.

ಜಯಕರ ಮದುವೆ ಫೋಟೋ ತೆಗೆಯುವವನು. ಬ್ಯಾಕಪ್ ಎಂದರೆ ಅವನಿಗೆ ಹೊಟ್ಟೆಪಾಡು. ಹಿಂದಿನ ವರ್ಷ ಡಿಸ್ಕ್ ಕೈಕೊಟ್ಟು ಮುಲ್ಕಿಯ ಒಂದು ಮದುವೆಯ ಧಾರೆಯ ಫೋಟೋಗಳೇ ಮಾಯವಾಗಿದ್ದವು. ಹುಡುಗಿಯ ತಂದೆ ಸ್ಟುಡಿಯೋಕ್ಕೆ ಬಂದು ಬೈಯಲಿಲ್ಲ, ಕುರ್ಚಿಯಲ್ಲಿ ಕೂತು ಅತ್ತುಬಿಟ್ಟರು. ಬೈದಿದ್ದರೇ ವಾಸಿಯಿತ್ತು ಎಂದು ಜಯಕರ ಇವತ್ತಿಗೂ ಹೇಳುತ್ತಾನೆ. ಸುಗಂಧಿಯ ಕೆಲಸ ಬೇರೆ. ಇಪ್ಪತ್ತಾರು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವಳು. ಈಗ ಮನೆಯಿಂದಲೇ ಒಂದು ಆರೋಗ್ಯ ಸಂಸ್ಥೆಗಾಗಿ ಸ್ಲೈಡ್ ಓದುತ್ತಾಳೆ. ಹೆಂಗಸರ ಗರ್ಭಕಂಠದಿಂದ ತೆಗೆದ ಜೀವಕೋಶಗಳ ಸ್ಲೈಡು. ಸಂಸ್ಥೆಯ ವ್ಯಾನು ಕಾರ್ಖಾನೆ, ತೋಟ, ಬಂದರುಗಳಿಗೆ ಹೋಗಿ ಮಾದರಿ ತೆಗೆದು, ಗಾಜಿನ ಪಟ್ಟಿಗೆ ಬಳಿದು, ಅದರ ಚಿತ್ರ ಹಿಡಿದು ಕಳಿಸುತ್ತದೆ. ಕ್ಯಾನ್ಸರಿನ ಸುಳಿವು ಉಂಟೋ ಇಲ್ಲವೋ ಎಂದು ಇವಳು ಹೇಳಬೇಕು.

"ಜಯಕರಣ್ಣ, ನೀವು ವರ್ಷಕ್ಕೆ ಅರುವತ್ತು ಮದುವೆ ತೆಗೀತೀರಿ. ಹಾಲ್ ಎಷ್ಟು? ಎಂಟೋ ಹತ್ತೋ," ಎಂದರು ಕಿಣಿ. "ಅದೇ ಸ್ಟೇಜು, ಅದೇ ಕೆಂಪು ಸೋಫಾ. ಈ ಕಪ್ಪು ಪೆಟ್ಟಿಗೆ ಪಾಪದ್ದು, ಪ್ರತಿ ಸಲ ಸೋಫಾವನ್ನೂ ಹೊಸತಾಗಿ ಬರೀತದೆ. ಅದಕ್ಕೇ ಒಂದು ಮದುವೆಗೆ ಐದು ಗಂಟೆ. ಬಿಳಿದು ಹಾಗಲ್ಲ. ಒಮ್ಮೆ ನೋಡಿದ್ದನ್ನು ಇನ್ನೊಮ್ಮೆ ಬರಿಯುದಿಲ್ಲ. ಸೋಫಾ ಅಲ್ಲಿ ಉಂಟು ಅಂತ ಒಂದು ಗುರುತು ಹಾಕಿ ಮುಂದೆ ಹೋಗ್ತದೆ."

"ನಾನು ಇಷ್ಟರವರೆಗೆ ತೆಗಿಯದ ಸೋಫಾ ಆದ್ರೆ?"

"ಇನ್ನೊಬ್ಬ ಫೋಟೋಗ್ರಾಫರ್ ತೆಗ್ದಿರ್ತಾನಲ್ಲ. ಊರಿನ ಬಿಳಿ ಪೆಟ್ಟಿಗೆಗಳೆಲ್ಲ ಒಳಗಿಂದೊಳಗೇ ಮಾತಾಡಿಕೊಳ್ತವೆ. ಎಲ್ಲರದ್ದೂ ಸಣ್ಣ ಸಣ್ಣ ತುಂಡು ಮಾಡಿ ಇಟ್ಟಿರ್ತದೆ, ಯಾರದ್ದು ಯಾವುದು ಅಂತ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ. ನಿಮ್ಮ ಮದುವೆ ಐದು ನಿಮಿಷಕ್ಕೆ ಒಳಗೆ."

ಸುಗಂಧಿ ಬಿಳಿ ಪೆಟ್ಟಿಗೆಯನ್ನು ಕೈಗೆತ್ತಿಕೊಂಡಳು. "ಒಂದೇ ತರ ಇರುದಕ್ಕೂ ಒಂದೇ ಆಗಿರುದಕ್ಕೂ ವ್ಯತ್ಯಾಸ ಇಲ್ವಾ ಕಿಣಿಯವರೆ?"

"ಕಂಪೆನಿಯವರು ಅದನ್ನು ನೋಡದೆ ಬಿಡ್ತಾರಾ ಅಕ್ಕ?"

ಈ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರುವುದಿಲ್ಲ, ಆದ್ದರಿಂದಲೇ ಅಂಗಡಿಯವರು ಅದನ್ನು ಕೇಳುತ್ತಾರೆ. ಸುಗಂಧಿಗೆ ಕಪ್ಪು ಪೆಟ್ಟಿಗೆಯೇ ಮನಸ್ಸಿನಲ್ಲಿತ್ತು. ನಿಧಾನವಾದರೇನು, ಕೊಟ್ಟದ್ದನ್ನು ಕೊಟ್ಟ ಹಾಗೆ ಇಟ್ಟುಕೊಳ್ಳುತ್ತದೆ. ಆದರೆ ಜಯಕರ ಮುಲ್ಕಿಯ ಆ ತಂದೆಯ ಸುದ್ದಿ ಎತ್ತಿದ. ಐದು ಗಂಟೆಯ ನಡುವೆ ಕರೆಂಟು ಹೋದರೆ ಮತ್ತೆ ಅದೇ ಗತಿ ಎಂದ. ಅವಳ ಸ್ಲೈಡಿನ ಚಿತ್ರಗಳೂ ಒಂದೊಂದು ಮದುವೆಯಷ್ಟೇ ದೊಡ್ಡವು, ಕಂಪ್ಯೂಟರಿನಲ್ಲಿ ಜಾಗವಿಲ್ಲವೆಂದು ಅವಳೇ ದಿನಾ ಗೊಣಗುತ್ತಿದ್ದಳು. ಕೊನೆಗೆ ಹೂಂ ಅಂದಳು. ಬಿಳಿ ಪೆಟ್ಟಿಗೆ ಆಟೋದಲ್ಲಿ ಅವಳ ಮಡಿಲಲ್ಲೇ ಕೂತು ಮನೆಗೆ ಬಂತು.

ಬಂದ ಮೇಲೆ ಅದರ ಮೇಲೆ ದೂರು ಹೇಳಲು ಯಾವ ಕಾರಣವೂ ಸಿಗಲಿಲ್ಲ. ಚಹಾ ಕುದಿಯುವುದರೊಳಗೆ ಮದುವೆ ಒಳಗೆ ಹೋಗುತ್ತಿತ್ತು, ಬೇಕೆಂದಾಗ ಅಷ್ಟೇ ಬೇಗ ಹೊರಗೆ ಬರುತ್ತಿತ್ತು. ಇಷ್ಟು ಬೇಗ ಸಿಗುವಾಗ ಕಂಪ್ಯೂಟರಿನಲ್ಲೂ ಒಂದು ಪ್ರತಿ ಯಾಕೆ ಎಂದು ಜಯಕರ ಒಂದು ತಿಂಗಳಲ್ಲೇ ಅಲ್ಲಿಂದ ಅಳಿಸತೊಡಗಿದ. ಸುಗಂಧಿಯೂ ಹಾಗೇ ಮಾಡಿದಳು. ಆಪತ್ಕಾಲಕ್ಕೆಂದು ತಂದ ಪ್ರತಿ ಹೀಗೆ ಸದ್ದಿಲ್ಲದೆ ಮನೆಯ ಏಕೈಕ ಪ್ರತಿಯಾಯಿತು, ಮತ್ತು ಇಬ್ಬರಿಗೂ ಅದು ಒಂದು ತಪ್ಪೆಂದು ಹೊಳೆಯಲಿಲ್ಲ.

ಸುಗಂಧಿಗೆ ಸ್ಲೈಡ್ ಓದುವುದಕ್ಕೆ ಅವಳದೇ ಒಂದು ಕ್ರಮವಿತ್ತು. ಲ್ಯಾಬಿನಲ್ಲಿ ಕಲಿಸಿದ ಡಾಕ್ಟರ್ ಕೊರೆಯಾ ಹೇಳಿಕೊಟ್ಟದ್ದು. ಮೊದಲ ಸಲ ನೋಡುವಾಗ ಪೆನ್ನು ಮುಟ್ಟಬಾರದು, ಚಿತ್ರದ ಮೇಲೆ ಗುರುತು ಹಾಕಬಾರದು. ಗುರುತು ಹಾಕಿದರೆ ಮರುದಿನ ಕಣ್ಣು ಕೋಶವನ್ನಲ್ಲ, ಗುರುತನ್ನೇ ನೋಡುತ್ತದೆ. ಸಂಶಯ ಒಂದು ರಾತ್ರಿ ಮಲಗಿ ಏಳಲಿ, ಬೆಳಿಗ್ಗೆಯೂ ಅದು ಅಲ್ಲೇ ಇದ್ದರೆ ಆಗ ಬರಿ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಈ ಕ್ರಮ ಅವಳಿಗೆ ಒಮ್ಮೆಯೂ ಮೋಸ ಮಾಡಿರಲಿಲ್ಲ.

ಜುಲೈಯಲ್ಲಿ ಕಾರ್ಕಳದ ದಾರಿಯ ಗೇರುಬೀಜದ ಕಾರ್ಖಾನೆಯಲ್ಲಿ ಕ್ಯಾಂಪು ಇತ್ತು. ಸುಗಂಧಿ ವರ್ಷಕ್ಕೆ ಒಂದೆರಡು ಸಲ ವ್ಯಾನಿನ ಜೊತೆ ಹೋಗಿ ಹೆಂಗಸರಿಗೆ ನಾಲ್ಕು ಮಾತು ಹೇಳುವುದುಂಟು. ಅಲ್ಲಿ ವಾರಿಜ ಎಂಬವಳು ವ್ಯಾನಿನ ಮೆಟ್ಟಿಲ ತನಕ ಬಂದು ವಾಪಸು ತಿರುಗಿದಳು. ಮೂವತ್ತೆಂಟು ವಯಸ್ಸು, ಎರಡು ಹೆಣ್ಣುಮಕ್ಕಳು, ಗಂಡ ದೋಣಿಗೆ ಹೋಗುವವನು. ಅವಳ ತಾಯಿ ಇದೇ ಕಾಯಿಲೆಯಲ್ಲಿ ಹೋಗಿದ್ದಳಂತೆ. ಏನಾದರೂ ಉಂಟು ಅಂತ ಗೊತ್ತಾಗುವುದಕ್ಕಿಂತ ಗೊತ್ತಾಗದೇ ಇರುವುದೇ ಒಳ್ಳೆಯದು ಎಂದು ಅವಳ ವಾದ. ಸುಗಂಧಿ ಅವಳ ಕೈ ಹಿಡಿದುಕೊಂಡು ಮೆಟ್ಟಿಲ ಮೇಲೇ ಕೂತಳು.

"ನನ್ನದನ್ನು ನೀವೇ ನೋಡುದಾ ಅಕ್ಕ?"

"ನಾನೇ ನೋಡುದು. ಒಂದಲ್ಲ, ಎರಡು ಸಲ."

"ಹಾಗಾದ್ರೆ ಆಯ್ತು," ಎಂದು ವಾರಿಜ ಒಳಗೆ ಹೋದಳು. ಅವಳ ಸ್ಲೈಡಿನ ನಂಬರು ಇಪ್ಪತ್ತೆರಡು ಹದಿನಾರು. ಮಾತು ಕೊಟ್ಟದ್ದರಿಂದ ಸುಗಂಧಿ ಅದನ್ನು ನೆನಪಿಟ್ಟುಕೊಂಡಳು.

ಮಂಗಳವಾರ ವ್ಯಾನಿನಿಂದ ಚಿತ್ರ ಬಂದ ಕೂಡಲೇ ಅದನ್ನೇ ಮೊದಲು ತೆರೆದಳು. ಸರಿಯಾದ ಕೋಶ ಎಂದರೆ ಅಗಲ ತಟ್ಟೆಯ ನಡುವೆ ಒಂದು ಎಳ್ಳುಕಾಳು ಇಟ್ಟ ಹಾಗೆ. ಸಾವಿರಾರು ತಟ್ಟೆ, ಸಾವಿರಾರು ಎಳ್ಳು. ಎಡಗಡೆಯ ಕೆಳಮೂಲೆಯಲ್ಲಿ ಮಾತ್ರ ಒಂಬತ್ತು ಕೋಶಗಳ ಒಂದು ಗುಂಪು ಬೇರೆ ತರ ಇತ್ತು. ಎಳ್ಳುಕಾಳು ಊದಿಕೊಂಡು, ಕಪ್ಪಗೆ, ಅಂಚು ಸೊಟ್ಟಗೆ. ಪೆನ್ನು ಮುಟ್ಟದೆ ಎದ್ದುಹೋದಳು. ಚಿತ್ರ ಪೆಟ್ಟಿಗೆಗೆ ಹೋಯಿತು.

ಬುಧವಾರ ಬೆಳಿಗ್ಗೆ ಪೆಟ್ಟಿಗೆಯಿಂದ ಅದನ್ನು ತೆರೆದಾಗ ಕೆಳಮೂಲೆಯಲ್ಲಿ ತಟ್ಟೆ, ನಡುವೆ ಎಳ್ಳು. ಒಂಬತ್ತು ಕೋಶ ಅಲ್ಲೇ ಇದ್ದವು, ಆದರೆ ಒಂಬತ್ತೂ ಅಚ್ಚುಕಟ್ಟು. ನಂಬರು ತಪ್ಪಿತೋ ಎಂದು ನೋಡಿದಳು, ತಪ್ಪಿರಲಿಲ್ಲ. ಕನ್ನಡಕ ಒರೆಸಿ ಮತ್ತೆ ನೋಡಿದಳು. ಅರ್ಧ ಗಂಟೆ ಹುಡುಕಿದ ಮೇಲೆ, ವಾರಿಜಳ ತಾಯಿಯ ಕತೆ ಕೇಳಿ ನಿನ್ನೆ ಮನಸ್ಸಿನಲ್ಲಿ ಹೆದರಿಕೆ ತುಂಬಿಕೊಂಡು ಕೂತಿದ್ದೆ, ಅದಕ್ಕೇ ಹಾಗೆ ಕಂಡದ್ದು ಎಂದು ತೀರ್ಮಾನಿಸಿ ದೋಷವಿಲ್ಲ ಎಂದು ಬರೆದು ಸಹಿ ಹಾಕಿದಳು. ನಿಜ ಹೇಳಬೇಕೆಂದರೆ ಅವಳಿಗೆ ಖುಷಿಯೇ ಆಗಿತ್ತು.

ಆದರೆ ಅದು ಒಂದು ಸಲಕ್ಕೆ ಮುಗಿಯಲಿಲ್ಲ. ಆಗಸ್ಟಿನಲ್ಲಿ ನಾಲ್ಕು ಸಲ, ದೀಪಾವಳಿಯ ಹೊತ್ತಿಗೆ ವಾರಕ್ಕೊಂದು ಸಲ. ಮೊದಲ ದಿನ ಕಂಡ ಸಂಶಯ ಮರುದಿನ ಇರುತ್ತಿರಲಿಲ್ಲ. ಅವಳು ಕನ್ನಡಕ ಬದಲಾಯಿಸಿದಳು, ಕಣ್ಣಿನ ಡಾಕ್ಟರಿಗೆ ತೋರಿಸಿದಳು. ಐವತ್ನಾಲ್ಕಕ್ಕೇ ಕಣ್ಣು ಕೈಕೊಟ್ಟಿತಲ್ಲ ಎಂದು ಬಚ್ಚಲಿನಲ್ಲಿ ನಿಂತು ಒಬ್ಬಳೇ ಅತ್ತದ್ದೂ ಉಂಟು. ಬೇರೇನೂ ಬಾರದವಳಿಗೆ ಬರುತ್ತಿದ್ದ ಒಂದೇ ವಿದ್ಯೆ ಅದು. ಕಣ್ಣಿಗೆ ಆಯಾಸವಾಗುತ್ತಿದೆ, ನನ್ನ ಪಾಲಿನ ಸ್ಲೈಡುಗಳನ್ನು ಸ್ವಲ್ಪ ಕಡಿಮೆ ಮಾಡಿ ಎಂದು ಸಂಸ್ಥೆಗೆ ಅವಳೇ ಪತ್ರ ಬರೆದಳು. ಅದೇ ವಾರ ಸಂಸ್ಥೆಯಿಂದ ಸುತ್ತೋಲೆಯೊಂದು ಬಂತು. ಚಿತ್ರಗಳು ಈಗ ಭದ್ರವಾಗಿ ಉಳಿಯುವುದರಿಂದ ಗಾಜಿನ ಸ್ಲೈಡುಗಳನ್ನು ಹದಿನೈದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಕಾಗಿಲ್ಲ ಎಂದಿತ್ತು.

ಊರಿಗೆ ಊರೇ ಅಷ್ಟು ಹೊತ್ತಿಗೆ ಬಿಳಿ ಪೆಟ್ಟಿಗೆಗೆ ಒಗ್ಗಿಹೋಗಿತ್ತು. ಪೆಟ್ಟಿಗೆಯೊಳಗೆ ಹೋಗಿ ಬಂದ ಫೋಟೋ ಚೆನ್ನಾಗಿ ಬರುತ್ತದೆ ಎಂದು ಜನರೇ ಆಡಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಟೀಚರು ಮಕ್ಕಳ ಕಾಪಿ ಪುಸ್ತಕ ಸ್ಕ್ಯಾನ್ ಮಾಡಿಟ್ಟರೆ ಎಲ್ಲರ ಅಕ್ಷರವೂ ದುಂಡಗೆ ಬರುತ್ತದೆ ಎಂದು ಹೆಮ್ಮೆಪಟ್ಟರು. ಎದುರು ಮನೆಯವರು ಗೋಡೆಯ ಬಿರುಕಿನ ಫೋಟೋ ಇನ್ಶೂರೆನ್ಸಿಗೆ ಕಳಿಸಿದರೆ, ಬಿರುಕು ಎಲ್ಲಿ ಎಂದು ವಾಪಸು ಪತ್ರ ಬಂತು. ಎಲ್ಲರೂ ನಕ್ಕರು. ಜಯಕರನ ಮದುವಣಗಿತ್ತಿಯರೆಲ್ಲ ಲಕ್ಷಣವಾಗಿ ಕಾಣುತ್ತಿದ್ದರು, ಅವನಿಗೆ ಬಿಡುವಿಲ್ಲದಷ್ಟು ಕೆಲಸ ಬಂತು.

ಫೆಬ್ರವರಿಯ ಒಂದು ಮಧ್ಯಾಹ್ನ ಕಾಪುವಿನ ಸೀನ ಶೆಟ್ಟರು ಸೊಸೆಯನ್ನು ಕರೆದುಕೊಂಡು ಮನೆಗೇ ಬಂದರು. ಅವರ ಮಗನ ಮದುವೆಯ ಆಲ್ಬಂ ಕಂಕುಳಲ್ಲಿತ್ತು. ಮೇಜಿನ ಮೇಲೆ ಅದನ್ನು ಬಿಡಿಸಿ, ಪಕ್ಕದಲ್ಲಿ ತಮ್ಮ ಬಲಗೈ ಇಟ್ಟರು. ಆ ಕೈಯಲ್ಲಿ ಆರು ಬೆರಳುಗಳಿದ್ದವು. ಹೆಬ್ಬೆರಳಿನ ಬದಿಯಲ್ಲಿ ಪುಟ್ಟದೊಂದು.

"ಇದು ಎಲ್ಲಿಗೆ ಹೋಯ್ತು ಮಾರಾಯ್ರೆ?" ಎಂದರು ಶೆಟ್ಟರು. ಕೋಪವೇನಿರಲಿಲ್ಲ. "ಅರುವತ್ತೆರಡು ವರ್ಷದಿಂದ ಹೊತ್ತುಕೊಂಡದ್ದು. ಮಗನ ಮದುವೆಯ ದಿನ ನೀವು ತೆಗೆದುಬಿಟ್ರಲ್ಲ."

ಜಯಕರ ನಕ್ಕ. "ದೇವರಾಣೆ ನಾನು ಮುಟ್ಲಿಲ್ಲ ಶೆಟ್ರೆ. ಒಂದು ಕೂದಲು ಸಹ ತಿದ್ದಲಿಲ್ಲ."

ಚಹಾ ತಂದ ಸುಗಂಧಿ ಲೋಟ ಇಡುವುದನ್ನು ಮರೆತು ನಿಂತಳು. ಆಲ್ಬಮಿನ ಹನ್ನೊಂದು ಫೋಟೋಗಳಲ್ಲಿ ಆ ಕೈ ಕಾಣುತ್ತಿತ್ತು. ಅವಳು ಎಣಿಸಿದಳು. ಹನ್ನೊಂದರಲ್ಲೂ ಐದೇ ಬೆರಳು.

"ನಿನ್ನೆಯ ಮದುವೆಯ ಮೆಮೊರಿ ಕಾರ್ಡು ಕ್ಯಾಮರಾದಲ್ಲೇ ಉಂಟಾ?" ಎಂದು ಗಂಡನನ್ನು ಕೇಳಿದಳು.

"ಉಂಟು, ಇನ್ನೂ ಅಳಿಸಲಿಲ್ಲ. ಪೆಟ್ಟಿಗೆಗೆ ಹೋಗಿ ಆಗಿದೆ. ಯಾಕೆ?"

ಕ್ಯಾಮರಾದ ಕಾರ್ಡಿನಲ್ಲಿದ್ದ ಫೋಟೋವನ್ನು ಒಂದು ಕಡೆ, ಪೆಟ್ಟಿಗೆಯಿಂದ ಬಂದ ಅದೇ ಫೋಟೋವನ್ನು ಇನ್ನೊಂದು ಕಡೆ ಇಟ್ಟು ನೋಡಿದರು. ಮದುಮಗಳ ಅಜ್ಜಿ ಅಕ್ಷತೆ ಹಾಕುತ್ತಿದ್ದಳು. ಕಾರ್ಡಿನಲ್ಲಿ ಅಜ್ಜಿಯ ಎಡಗಣ್ಣು ಪೊರೆ ಬಂದು ಪೂರ್ತಿ ಬೆಳ್ಳಗಾಗಿತ್ತು. ಪೆಟ್ಟಿಗೆಯಿಂದ ಬಂದದ್ದರಲ್ಲಿ ಎರಡು ಕಣ್ಣೂ ಕಪ್ಪಗೆ ಹೊಳೆಯುತ್ತಿದ್ದವು. ಶೆಟ್ಟರ ಸೊಸೆ, "ಅಜ್ಜಿ ಚಂದ ಕಾಣ್ತಾರೆ," ಎಂದಳು. ಜಯಕರ ಈ ಸಲ ನಗಲಿಲ್ಲ.

ಸುಗಂಧಿ ಲೆಕ್ಕ ಹಾಕಿದಳು. ಊರಿನಲ್ಲಿ ಆರು ಬೆರಳಿನ ಕೈ ಎಷ್ಟು, ಐದು ಬೆರಳಿನದ್ದು ಎಷ್ಟು? ಪೆಟ್ಟಿಗೆ ಆರು ಬೆರಳನ್ನು ಕಂಡು, ಇಂಥದ್ದೇ ಒಂದು ಕೈ ನನ್ನಲ್ಲಿ ಉಂಟು ಎಂದು ಗುರುತು ಹಾಕಿ ಮುಂದೆ ಹೋಗಿದೆ. ಕೋಟಿಗಟ್ಟಲೆ ಸರಿಯಾದ ಕೋಶಗಳ ನಡುವೆ ಒಂಬತ್ತು ಸೊಟ್ಟ ಕೋಶಗಳನ್ನು ಕಂಡಾಗಲೂ ಅದು ಹಾಗೇ ಮಾಡಿದೆ. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ವಾರಿಜಳ ಒಳಗೆ ಆ ಒಂಬತ್ತು ಕೋಶಗಳು ಏಳು ತಿಂಗಳಿನಿಂದ ಬೆಳೆಯುತ್ತ ಇದ್ದವು, ಅವಳ ಕೈಯಲ್ಲಿ ಸುಗಂಧಿ ಸಹಿ ಹಾಕಿದ ಚೀಟಿ ಇತ್ತು.

ಪೆಟ್ಟಿಗೆಗಳ ಕಂಪೆನಿಯ ನಿಯಂತ್ರಣ ಕೊಠಡಿ ಹಳೇ ಬಂದರಿನ ಹಿಂದೆ, ಒಂದು ಕಾಲದಲ್ಲಿ ಹೆಂಚು ತುಂಬುತ್ತಿದ್ದ ಗೋದಾಮಿನಲ್ಲಿತ್ತು. ಕಿಣಿಯವರೇ ಫೋನು ಮಾಡಿ ಒಳಗೆ ಬಿಡಿಸಿದರು. ರೆನಿಟಾ ಎಂಬ ಎಂಜಿನಿಯರ್ ಹುಡುಗಿ ಸುಗಂಧಿಯನ್ನು ಒಳಗೆ ಕರೆದುಕೊಂಡು ಹೋದಳು. ಹೊರಗೆ ಸೆಖೆ, ಒಳಗೆ ಹಲ್ಲು ಕಟಕಟ ಎನ್ನುವ ಎ.ಸಿ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ನಗರದ ನಕ್ಷೆ, ನಕ್ಷೆಯ ತುಂಬ ಹಸಿರು ಚುಕ್ಕೆಗಳು. ಕೆಳಗೆ ದೊಡ್ಡಕ್ಷರದಲ್ಲಿ ಇಂದಿನ ದೋಷ ಸೊನ್ನೆ ಎಂದಿತ್ತು.

ರೆನಿಟಾ ಅಜ್ಜಿಯ ಎರಡೂ ಫೋಟೋ ನೋಡಿದಳು. ಕುರ್ಚಿ ಎಳೆದುಕೊಂಡು ಕೂತಳು.

"ಎಷ್ಟು ಹೋಲಿದರೆ ಒಂದೇ ಅಂತ ತಿಳಿಯುದು ಅನ್ನುವುದಕ್ಕೆ ಒಂದು ಲೆಕ್ಕ ಉಂಟು ಆಂಟಿ. ಶುರುವಿಗೆ ನೂರಕ್ಕೆ ನೂರು ಇತ್ತು. ಒಂದು ಚುಕ್ಕೆ ಬೇರೆ ಇದ್ರೂ ಹೊಸತಾಗಿ ಬರೀತಿತ್ತು." ಅವಳು ಒಂದು ಗೆರೆಯನ್ನು ಪರದೆಗೆ ತಂದಳು. ಗೆರೆ ತಿಂಗಳಿಂದ ತಿಂಗಳಿಗೆ ಇಳಿಯುತ್ತ ಬಂದಿತ್ತು. "ಈಗ ತೊಂಬತ್ತಾರಕ್ಕೆ ಬಂದಿದೆ."

"ಯಾರು ಇಳಿಸಿದ್ದು?"

"ಯಾರೂ ಇಳಿಸಲಿಲ್ಲ. ಪೆಟ್ಟಿಗೆ ಜಾಸ್ತಿ ಆದ ಹಾಗೆ ವೇಗ ಕಮ್ಮಿ ಆಗ್ತದಲ್ಲ, ಆಗ ಅದು ತಾನೇ ಸ್ವಲ್ಪ ಇಳಿಸಿಕೊಳ್ತದೆ. ಜನರಿಗೆ ವೇಗ ಕೊಡ್ತೇವೆ ಅಂತ ಮಾತು ಕೊಟ್ಟಿದ್ದೇವೆ, ಅದನ್ನು ಮಾತ್ರ ಬಿಡ್ಲಿಕ್ಕಾಗುದಿಲ್ಲ ಅಂತ ಅದಕ್ಕೆ ಹೇಳಿಟ್ಟಿದೆ."

"ಮತ್ತೆ ದೋಷ ಸೊನ್ನೆ ಅಂತ ಹಾಕಿದ್ದೀರಲ್ಲ."

"ಪ್ರತಿಯನ್ನು ಪ್ರತಿಯ ಜೊತೆ ಹೋಲಿಸಿ ನೋಡ್ತದೆ. ಎಲ್ಲ ಪ್ರತಿಯೂ ಒಂದೇ ತರ ಇದ್ರೆ ದೋಷ ಇಲ್ಲ." ಹೇಳುತ್ತ ಹೇಳುತ್ತ ಅವಳ ಸ್ವರ ಸಣ್ಣದಾಯಿತು.

"ನನಗೆ ನನ್ನ ಮೂಲ ಚಿತ್ರ ಬೇಕು. ಇಪ್ಪತ್ತೆರಡು ಹದಿನಾರು. ಜುಲೈಯದ್ದು."

"ಮೂಲ ಅಂತ ಇರುದಿಲ್ಲ ಆಂಟಿ. ತುಂಡುಗಳು ಮಾತ್ರ ಇರುದು. ಎಲ್ಲರ ಹತ್ತಿರ ಇರುವ ತುಂಡು ಉಳೀತದೆ. ಒಬ್ಬರ ಹತ್ತಿರ ಮಾತ್ರ ಇರುವ ತುಂಡು ಜಾಗ ತಿನ್ತದೆ ಅಂತ ಮೊದಲು ಹೋಗುದು ಅದೇ."

ಸುಗಂಧಿಗೆ ಆ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದರೆ ಯಾರೋ ಒಬ್ಬರು ಏನೋ ಒಂದು ಮಾಡಿರಬೇಕು. ಇಲ್ಲಿ ಯಾರೂ ಏನೂ ಮಾಡಿರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿದ್ದು.

"ಇದನ್ನು ಇವತ್ತೇ ನಿಲ್ಲಿಸ್ಲಿಕ್ಕಾಗ್ತದಾ?"

"ನಾನು ಮೇಲಿನವರಿಗೆ ಬರೀತೇನೆ. ಆದ್ರೆ ನಿಲ್ಲಿಸಿದ್ರೂ ಹೋದದ್ದು ಬರುದಿಲ್ಲ." ರೆನಿಟಾ ನಕ್ಷೆಯ ಕಡೆ ತಿರುಗಿದಳು. ಹಸಿರು ಚುಕ್ಕೆಗಳ ನಡುವೆ ಏಳು ಚುಕ್ಕೆಗಳು ಉಳಿದವಕ್ಕಿಂತ ದಪ್ಪಗಿದ್ದವು. "ಆಸ್ಪತ್ರೆಗಳೂ ಹೋದ ವರ್ಷದಿಂದ ಇದರಲ್ಲೇ ಉಂಟು ಆಂಟಿ," ಎಂದಳು.

ಸಂಸ್ಥೆಯ ಮುಖ್ಯಸ್ಥರು ಫೋನಿನಲ್ಲಿ ಸುಗಂಧಿಯ ಮಾತನ್ನು ತಾಳ್ಮೆಯಿಂದಲೇ ಕೇಳಿದರು. ಇಪ್ಪತ್ತೆರಡು ಹದಿನಾರನ್ನು ದೊಡ್ಡ ಆಸ್ಪತ್ರೆಯೊಂದಕ್ಕೆ ಕಳಿಸಿ ಮರುಪರೀಕ್ಷೆ ಮಾಡಿಸುತ್ತೇನೆ ಎಂದರು, ಮಾಡಿಸಿದರು. ಎರಡು ದಿನದಲ್ಲಿ ಉತ್ತರ ಬಂತು, ವಾರಿಜಳಿಗೂ ಒಂದು ಚೀಟಿ ಹೋಯಿತು, ದೋಷವಿಲ್ಲ ಎಂದು. ಆಸ್ಪತ್ರೆಯವರು ನೋಡಿದ್ದೂ ಪೆಟ್ಟಿಗೆಯಿಂದ ಬಂದ ಅದೇ ಚಿತ್ರವನ್ನೇ ಎಂದು ಸುಗಂಧಿ ಹೇಳಿದಳು. ಮುಖ್ಯಸ್ಥರು, "ಮೇಡಂ, ಕಣ್ಣಿಗೆ ಆಯಾಸ ಅಂತ ನೀವೇ ಪತ್ರ ಬರೆದಿದ್ದಿರಿ. ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ," ಎಂದರು. ಆ ಪತ್ರ ಅವರ ಮುಂದೆಯೇ ಇತ್ತೆಂದು ತೋರುತ್ತದೆ.

ಜುಲೈಯ ಗಾಜನ್ನು ಸುತ್ತೋಲೆಯ ಪ್ರಕಾರ ಬಿಸಾಡಿ ಆಗಿತ್ತು, ಆದ್ದರಿಂದ ಸುಗಂಧಿ ವ್ಯಾನಿನ ನರ್ಸ್ ಫಿಲೋಮಿನಾಳಿಗೆ ಫೋನು ಮಾಡಿದಳು. ಇಬ್ಬರದ್ದೂ ಇಪ್ಪತ್ತು ವರ್ಷದ ಪರಿಚಯ. ಫಿಲೋಮಿನಾ ಹೆಚ್ಚು ಕೇಳಲಿಲ್ಲ. ಕಾರ್ಖಾನೆಗೆ ಹೋಗಿ ವಾರಿಜಳಿಂದ ಹೊಸ ಮಾದರಿ ತೆಗೆದು, ಚಿತ್ರ ಹಿಡಿಯದೆ, ಬರೀ ಗಾಜನ್ನು ಕರವಸ್ತ್ರದಲ್ಲಿ ಸುತ್ತಿ ತಂದುಕೊಟ್ಟಳು. ಸುಗಂಧಿ ಅಟ್ಟದಿಂದ, ಇಬ್ಬರು ಒಟ್ಟಿಗೆ ನೋಡಬಹುದಾದ ಹಳೇ ಸೂಕ್ಷ್ಮದರ್ಶಕ ಇಳಿಸಿ ಧೂಳು ಒರೆಸಿದಳು. ಅಡುಗೆಮನೆಯ ಸಿಂಕಿನಲ್ಲಿ ಗಾಜಿಗೆ ಬಣ್ಣ ಹಿಡಿಸಿ, ಕಿಟಕಿಯ ಬೆಳಕಿಗೆ ಒಣಗಿಸಿ, ಕಣ್ಣಿಟ್ಟಳು.

ಹುಡುಕಬೇಕಾಗಿ ಬರಲಿಲ್ಲ. ಜುಲೈಯಲ್ಲಿ ಒಂದು ಮೂಲೆಯಲ್ಲಿ ಒಂಬತ್ತು ಇದ್ದವು. ಈಗ ಗಾಜನ್ನು ಎತ್ತ ಸರಿಸಿದರೂ ಇದ್ದವು. ಅವಳಿಗೆ ಮೊದಲು ಆದದ್ದು ತನ್ನ ಕಣ್ಣು ಸರಿಯಾಗಿದೆ ಎಂಬ ಸಮಾಧಾನ. ಆ ಸಮಾಧಾನಕ್ಕೆ ಆಮೇಲೆ ನಾಚಿಕೆಯಾಗಿ, ಮುಖ ತೊಳೆದುಕೊಂಡು ಬಂದು ಮತ್ತೆ ಕೂತಳು.

ಸುಗಂಧಿ ಬರಹೇಳಿದ್ದರಿಂದ ಭಾನುವಾರ ಹತ್ತು ಗಂಟೆಗೆ ವಾರಿಜ ಬಸ್ಸಿಳಿದು ಮನೆ ಹುಡುಕಿಕೊಂಡು ಬಂದಳು. ಜುಲೈಗಿಂತ ಇಳಿದುಹೋಗಿದ್ದಳು. ಸುಗಂಧಿ ಸುತ್ತಿ ಬಳಸಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪೆಟ್ಟಿಗೆಯ ಕತೆ ಹೇಳಿದಳು, ಸಹಿ ಹಾಕಿದ್ದು ನಾನೇ ಎಂದೂ ಹೇಳಿದಳು.

ವಾರಿಜ ಕುರ್ಚಿಯ ತುದಿಯಲ್ಲಿ ಕೂತು ಕೇಳಿದಳು. ಚೀಲದಿಂದ ಎರಡು ಚೀಟಿ ತೆಗೆದಳು, ಜುಲೈಯದ್ದೊಂದು, ಆಸ್ಪತ್ರೆಯದ್ದೊಂದು. "ಎರಡರಲ್ಲಿಯೂ ಏನೂ ಇಲ್ಲ ಅಂತ ಉಂಟು ಅಕ್ಕ. ದೀಪಾವಳಿಯಿಂದ ನನಗೆ ನಡುವಲ್ಲಿ ನಡುವಲ್ಲಿ ರಕ್ತ ಹೋಗ್ತಿತ್ತು. ಅತ್ತೆ ಡಾಕ್ಟರಿಗೆ ತೋರಿಸು ಅಂದ್ರು. ಚೀಟಿ ಉಂಟಲ್ಲ, ಎಂತ ಆಗ್ಲಿಕ್ಕಿಲ್ಲ ಅಂತ ನಾನೇ ಬಿಟ್ಟೆ."

ಸುಗಂಧಿ ಎರಡು ಚೀಟಿಗಳನ್ನೂ ಓದದೆ ಮೇಜಿನ ಮೇಲೆ ಮಗುಚಿಟ್ಟಳು.

"ಎರಡು ಚೀಟಿ ಇಲ್ಲ ಅಂತವೆ, ನೀವೊಬ್ಬರು ಉಂಟು ಅಂತೀರಿ," ಎಂದಳು ವಾರಿಜ. ಆಕ್ಷೇಪಣೆಯ ಸ್ವರವಲ್ಲ, ಲೆಕ್ಕ ಹಾಕುವ ಸ್ವರ. "ನನಗೆ ನೋಡ್ಲಿಕ್ಕಾಗ್ತದಾ?"

"ನೋಡಿದ್ರೆ ನಿನಗೆ ಗೊತ್ತಾಗ್ಲಿಕ್ಕಿಲ್ಲ. ಕಲಿಯದವರಿಗೆ ಎಲ್ಲ ಒಂದೇ ತರ ಕಾಣ್ತದೆ."

"ಹದಿನೇಳು ವರ್ಷದಿಂದ ನಾನು ಬೀಜ ಗ್ರೇಡ್ ಮಾಡುದು ಅಕ್ಕ. ದಿನಕ್ಕೆ ಎಷ್ಟು ಸಾವಿರ ಬೀಜ ಈ ಕಣ್ಣಿನ ಮುಂದೆ ಹೋಗ್ತದೆ ಗೊತ್ತುಂಟಾ? ಎಲ್ಲ ಬೆಳ್ಳಗೇ ಇರ್ತದೆ. ಹಾಳಾದದ್ದನ್ನು ಹೆಕ್ಕುದೇ ನನ್ನ ಕೆಲಸ."

ಸುಗಂಧಿ ಎದ್ದು ಜಾಗ ಬಿಟ್ಟುಕೊಟ್ಟಳು. ಏನನ್ನೂ ತೋರಿಸಲಿಲ್ಲ, ಏನನ್ನೂ ಹೇಳಲಿಲ್ಲ, ಗಾಜನ್ನು ಸರಿಸುವ ತಿರುಪು ಯಾವುದೆಂದು ಮಾತ್ರ ಹೇಳಿಕೊಟ್ಟಳು. ವಾರಿಜ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಸ್ವಲ್ಪ ಹೊತ್ತು ಅಲುಗಾಡಲಿಲ್ಲ. ಆಮೇಲೆ ಅವಳ ಬಲಗೈ ತನ್ನಷ್ಟಕ್ಕೆ ಮೇಜಿನ ಮೇಲೆ ಚಲಿಸತೊಡಗಿತು, ಎರಡು ಬೆರಳು ಸೇರಿಸಿ ಏನನ್ನೋ ಹೆಕ್ಕಿ ಬದಿಗೆ ಹಾಕುವ ಹಾಗೆ.

"ಇದು," ಎಂದು ಒಂದನ್ನು ನಡುವಿಗೆ ತಂದಳು. "ಇದು ಕಪ್ಪು. ಇದರ ಬದಿಯದ್ದೂ. ಇದು ಊದಿದೆ." ತಿರುಪು ತಿರುಗಿಸಿದಳು. "ಇಲ್ಲಿ ಜಾಸ್ತಿ ಉಂಟು."

ಸುಗಂಧಿ ಪಕ್ಕದ ಕಣ್ಣುಗಾಜಿನಲ್ಲಿ ಅದನ್ನೇ ನೋಡುತ್ತಿದ್ದಳು. ವಾರಿಜ ಒಂದನ್ನೂ ತಪ್ಪು ಹೆಕ್ಕಲಿಲ್ಲ. ಸುಗಂಧಿ ಇಪ್ಪತ್ತಾರು ವರ್ಷದಲ್ಲಿ ಕಲಿತದ್ದನ್ನು ಅವಳು ಹತ್ತು ನಿಮಿಷದಲ್ಲಿ, ತನ್ನದೇ ಮೈಯ ಮೇಲೆ ಮಾಡಿ ಮುಗಿಸಿದಳು. ಸುಗಂಧಿಗೆ ಅಳು ಬಂತು, ತಡೆದುಕೊಂಡಳು. ಅಳಬೇಕಾದವಳು ಅಳದೆ ಕೂತಿರುವಾಗ ತಾನು ಅಳುವುದು ಸರಿಯಲ್ಲ ಎನ್ನಿಸಿತು.

ವಾರಿಜ ತಲೆ ಎತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಅಮ್ಮನಿಗೂ ಹೀಗೇ ಇದ್ದಿರಬೇಕು," ಎಂದಳು. "ಇನ್ನು ಎಂತ ಮಾಡುದು?"

"ನಾಳೆ ಬೆಳಿಗ್ಗೆ ನಾನೂ ನೀನೂ ಮಣಿಪಾಲಕ್ಕೆ ಹೋಗುವ. ಈ ಗಾಜು ನನ್ನ ಕೈಯಲ್ಲೇ ಇರ್ತದೆ. ಪರದೆಯಲ್ಲಿ ಅಲ್ಲ, ಗಾಜನ್ನೇ ನೋಡುವ ಡಾಕ್ಟರ್ ಸಿಗುವವರೆಗೆ ನಾನು ಅಲ್ಲಿಂದ ಏಳುದಿಲ್ಲ."

"ಗುಣ ಆಗ್ತದಾ?"

"ಜುಲೈಯಲ್ಲಾದ್ರೆ ಖಂಡಿತ ಆಗ್ತಿತ್ತು ಅಂತ ಹೇಳ್ತಿದ್ದೆ. ಈಗ ಗೊತ್ತಿಲ್ಲ ವಾರಿಜ. ಸುಳ್ಳು ಹೇಳುದಿಲ್ಲ ನಾನು."

ವಾರಿಜ ತಲೆಯಾಡಿಸಿದಳು. ಚೀಲವನ್ನು ಮತ್ತೆ ಬಿಚ್ಚಿದಳು. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಚೀಟಿಗಳ ಒಂದು ಕಟ್ಟು ಹೊರಗೆ ಬಂತು. ನಿನ್ನೆ ಫಿಲೋಮಿನಾ ಸಿಸ್ಟರ್ ಬಂದು ಹೋದ ಮೇಲೆ ಜೊತೆಗೆ ಬೆಂಚಿನಲ್ಲಿ ಕೂತು ಬೀಜ ಹೆಕ್ಕುವವರೆಲ್ಲ ತಮ್ಮ ತಮ್ಮದನ್ನು ತಂದುಕೊಟ್ಟು, ಮೇಡಂ ಹತ್ತಿರ ಕೇಳಿಕೊಂಡು ಬಾ ಅಂದರಂತೆ. ಒಂದೊಂದಾಗಿ ಬಿಡಿಸಿ ಮೇಜಿನ ಮೇಲೆ ಸಾಲಾಗಿ ಇಡುತ್ತ ಹೋದಳು. ಸಂಸ್ಥೆಯವರು ಅಚ್ಚು ಹಾಕಿಸಿ ನೇರ ಹೆಂಗಸರಿಗೇ ಕೊಡುತ್ತಿದ್ದ ಚೀಟಿಗಳು. ಸುಗಂಧಿ ಸಹಿ ಹಾಕುತ್ತಿದ್ದದ್ದು ಕಂಪ್ಯೂಟರಿನಲ್ಲಿ, ಅಚ್ಚಾದ ಚೀಟಿಯನ್ನು ಅವಳು ಬಿಡಿಸಿ ನೋಡಿದ್ದೇ ಇಲ್ಲ. ಇಪ್ಪತ್ತೆರಡು ಹೆಸರು, ಇಪ್ಪತ್ತೆರಡು ನಂಬರು, ಪ್ರತಿಯೊಂದರ ಕೆಳಗೂ ಅಂಚೆಚೀಟಿಯಷ್ಟು ದೊಡ್ಡ ಒಂದು ಚಿತ್ರ. ನಿಮ್ಮ ಜೀವಕೋಶಗಳು ಎಂದು ಬರೆದಿತ್ತು.

ಇಪ್ಪತ್ತೆರಡರಲ್ಲೂ ಅದೇ ಆರು ತಟ್ಟೆ, ಅದೇ ಆರು ಎಳ್ಳು. ಮೇಲಿನ ಎಡದ ತಟ್ಟೆಯ ಅಂಚು ಇಪ್ಪತ್ತೆರಡರಲ್ಲೂ ಒಂದೇ ಕಡೆ, ಒಂದೇ ರೀತಿ ಮಡಚಿಕೊಂಡಿತ್ತು.

ಸುಗಂಧಿ ಎರಡು ಚೀಟಿ ಎತ್ತಿ ಒಂದರ ಪಕ್ಕ ಒಂದು ಹಿಡಿದಳು. "ಇದು ಯಾವಾಗ ಗೊತ್ತಾಯ್ತು ನಿಮಗೆ?"

"ಚೀಟಿ ಬಂದ ದಿನವೇ ಅಕ್ಕ. ಊಟದ ಹೊತ್ತಿಗೆ ಬೆಂಚಿನ ಮೇಲೆ ಒಟ್ಟಿಗೆ ಇಟ್ಟು ನೋಡಿದ್ದೆವು, ಎಲ್ಲ ಒಂದೇ ಬೀಜ ಅಂತ ನಗಾಡಿದ್ದೆವು," ಎಂದಳು ವಾರಿಜ. "ಮತ್ತೆ ಯಾರ ಹತ್ತಿರ ಕೇಳುದು ಅಂತ ಗೊತ್ತಾಗ್ಲಿಲ್ಲ."